ಗ್ರೇಡ್, ಗಂಟೆ, ಅನುಭವ ಎಲ್ಲ ಸರಿದೂಗಿಸಿದ ಮೇಲೆ ‘ಸಂಬಳದಲ್ಲಿ ತಾರತಮ್ಯ ಇಲ್ಲ’ ಅಂತ ಬರೆಯಬಹುದೇ?

ಸಂಬಳಪಟ್ಟಿ (ಚರ್ಚೆ ಆರಂಭಿಸಿದವರು)

ನಾನು ಮಧ್ಯಮ ಗಾತ್ರದ ಒಂದು ಕಂಪನಿಯ ಸಂಬಳ ವಿಭಾಗದಲ್ಲಿದ್ದೇನೆ. ಹೆಂಗಸರ ಮತ್ತು ಗಂಡಸರ ಸಂಬಳದ ನಡುವೆ ಎಷ್ಟು ಅಂತರವಿದೆ ಎಂದು ಲೆಕ್ಕ ತೆಗೆದು ಆಡಳಿತ ಮಂಡಳಿಗೆ ವರದಿ ಕೊಡಲು ಹೇಳಿದ್ದಾರೆ. ಎಲ್ಲರನ್ನೂ ಸೇರಿಸಿ ಸರಾಸರಿ ನೋಡಿದರೆ ಅಂತರ ಕಣ್ಣಿಗೆ ಹೊಡೆಯುವಷ್ಟಿದೆ. ಅದೇ ಗ್ರೇಡ್, ಅದೇ ವಿಭಾಗ, ಅಷ್ಟೇ ವರ್ಷದ ಅನುಭವ, ಅಷ್ಟೇ ಗಂಟೆಯ ಕೆಲಸ ಇರುವವರನ್ನು ಅಕ್ಕಪಕ್ಕ ಇಟ್ಟರೆ ಬಹುಮಟ್ಟಿಗೆ ಕರಗಿಹೋಗುತ್ತದೆ. ನಮ್ಮ ಹಣಕಾಸು ಮುಖ್ಯಸ್ಥರು ಎರಡನೇ ಲೆಕ್ಕವನ್ನು ಮಾತ್ರ ಹಾಕಿ, ಮೊದಲನೆಯದು ಸುಮ್ಮನೆ ಗಲಾಟೆಗೆ ದಾರಿ ಅನ್ನುತ್ತಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಒಪ್ಪುತ್ತಿಲ್ಲ ಅಂತ ಅವರಿಗೆ ಬಿಡಿಸಿ ಹೇಳಲೂ ಬರುತ್ತಿಲ್ಲ. ಲೆಕ್ಕ ಬಲ್ಲವರು, ಕಾನೂನು ಬಲ್ಲವರು ಇದ್ದರೆ ದಯವಿಟ್ಟು ಹೇಳಿ.

ನೇರಮಾತು

ಮುಖ್ಯಸ್ಥರು ಹೇಳಿದ್ದೇ ಸರಿ ಮೇಡಂ. ಮ್ಯಾನೇಜರ್ ಸಂಬಳಾನೂ ರಿಸೆಪ್ಷನ್‌ನಲ್ಲಿ ಕೂತವರ ಸಂಬಳಾನೂ ಒಟ್ಟಿಗೆ ಸುರಿದು ಸರಾಸರಿ ತೆಗೆದ್ರೆ ಏನು ಗೊತ್ತಾಗುತ್ತೆ? ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡ್ತಿದ್ದೀರಿ, ಮುಗೀತು. ಇನ್ನೊಂದು ಮಾತು. ಅಷ್ಟೇ ಕೆಲಸಕ್ಕೆ ಹೆಂಗಸರು ನಿಜವಾಗ್ಲೂ ಐದನೇ ಒಂದು ಭಾಗ ಕಡಿಮೆಗೆ ಸಿಗೋದಾದ್ರೆ ಕಂಪನಿಗಳು ಗಂಡಸರನ್ನ ಯಾಕೆ ಇಟ್ಕೋತಿದ್ವು? ಲಾಭ ಬಿಟ್ಟುಕೊಡೋ ಧರ್ಮಾತ್ಮರು ಯಾರೂ ಇಲ್ಲ ಇಲ್ಲಿ.

ಅಂಕಿಪ್ರಿಯ

ನೇರಮಾತು ಅವರ ಕೊನೆಯ ವಾದ ಕೇಳಲು ಚೆನ್ನಾಗಿದೆ. ಆದರೆ ಸಂಬಳ ಕಡಿಮೆಯಿದ್ದರೂ ಕೆಲಸದ ಬೆಲೆ ಅಷ್ಟೇ ಎಂದು ಮಾಲೀಕನಿಗೆ ಮೊದಲು ಅನ್ನಿಸಬೇಕಲ್ಲ? ಈ ಕೆಲಸಕ್ಕೆ ಇವರು ಆಗುವುದಿಲ್ಲ ಎಂದು ನಂಬಿದವನಿಗೆ ಅದು ಅಗ್ಗವಾಗಿ ಕಾಣುವುದೇ ಇಲ್ಲ.

ಅದಿರಲಿ. ಎರಡು ಅಧ್ಯಯನಗಳನ್ನು ಇಡುತ್ತೇನೆ, ಎರಡೂ ಯಾವ ಪಕ್ಷಕ್ಕೂ ಪೂರ್ತಿ ಖುಷಿ ಕೊಡುವುದಿಲ್ಲ. ಅಮೆರಿಕದ ಬಾಸ್ಟನ್ ನಗರದ ಸಾರಿಗೆ ಸಂಸ್ಥೆಯ ಬಸ್ಸು, ರೈಲು ಚಾಲಕರ ಗಳಿಕೆಯನ್ನು ಬೊಲೊಟ್ನಿ ಮತ್ತು ಇಮ್ಯಾನುಯೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ನೋಡಿದ್ದಾರೆ. ಅಲ್ಲಿ ಬಲವಾದ ಕಾರ್ಮಿಕ ಸಂಘವಿದೆ, ಗಂಟೆಯ ದರ ಎಲ್ಲರಿಗೂ ಒಂದೇ, ಪಾಳಿ ಆರಿಸಿಕೊಳ್ಳುವುದು ಸೇವಾ ಹಿರಿತನದ ಮೇಲೆ. ಮೇಲಧಿಕಾರಿಯ ಮರ್ಜಿಗೆ ಜಾಗವೇ ಇಲ್ಲ. ಆದರೂ ಗಂಡಸರು ಒಂದು ಡಾಲರ್ ಗಳಿಸಿದರೆ ಹೆಂಗಸರದ್ದು 89 ಸೆಂಟ್. ಕಾರಣ ಎರಡೇ: ಗಂಡಸರು ಓವರ್‌ಟೈಮ್ ಜಾಸ್ತಿ ಮಾಡಿದ್ದರು, ಸಂಬಳವಿಲ್ಲದ ರಜೆ ಕಡಿಮೆ ಹಾಕಿದ್ದರು.

ಇನ್ನೊಂದು ಊಬರ್ ಚಾಲಕರದ್ದು. ಹತ್ತು ಲಕ್ಷಕ್ಕೂ ಹೆಚ್ಚು ಚಾಲಕರ ದಾಖಲೆ. ಬಾಡಿಗೆ ಲೆಕ್ಕ ಹಾಕುವ ಸೂತ್ರಕ್ಕೆ ಓಡಿಸುವವರು ಗಂಡೋ ಹೆಣ್ಣೋ ಗೊತ್ತಿಲ್ಲ. ಅಲ್ಲೂ ಗಂಟೆಯ ಗಳಿಕೆಯಲ್ಲಿ ಸುಮಾರು ಶೇ. 7ರಷ್ಟು ಅಂತರ. ಎಲ್ಲಿ ಓಡಿಸುತ್ತಾರೆ, ಎಷ್ಟು ಅನುಭವ, ಎಷ್ಟು ವೇಗ ಎಂಬ ಮೂರರಲ್ಲೇ ಆ ಅಂತರಕ್ಕೆ ಕಾರಣ ಸಿಕ್ಕಿಬಿಡುತ್ತದೆ.

ಅಂದರೆ ಯಾರೂ ತಾರತಮ್ಯ ಮಾಡದ ಕಡೆಯೂ ಅಂತರ ಹುಟ್ಟುತ್ತದೆ. ಒಟ್ಟು ಅಂತರ ಕಂಡ ತಕ್ಷಣ ‘ಮೋಸ’ ಎಂದು ಕೂಗುವವರು ಇದನ್ನು ಓದಲಿ.

ಮೂರನೇಪಾಳಿ

ಅಂಕಿಪ್ರಿಯ ಸರ್, ನಾನು ನರ್ಸ್. ಓಟಿ (ಓವರ್‌ಟೈಮ್) ಯಾಕೆ ಮಾಡಲ್ಲ ಅಂತ ನಮ್ಮನ್ನ ಕೇಳಿದ್ರೆ ಹೇಳ್ತೀವಿ. ಸಂಜೆ ಐದಕ್ಕೆ ಫೋನ್ ಬರುತ್ತೆ, ಇವತ್ತು ರಾತ್ರಿ ಪಾಳಿಗೆ ಒಬ್ಬರು ಕಡಿಮೆ, ಬರ್ತೀರಾ ಅಂತ. ಮನೇಲಿ ಮಗು ಇರೋಳು ಐದು ನಿಮಿಷದಲ್ಲಿ ಹೂಂ ಅನ್ನೋಕಾಗುತ್ತಾ? ಅದೇ ಒಂದು ವಾರ ಮುಂಚೆ ಹೇಳಿದ್ರೆ ನಮ್ಮಲ್ಲಿ ಎಷ್ಟೋ ಜನ ಒಪ್ಕೋತಾರೆ. ಇದನ್ನ ‘ಅವರ ಆಯ್ಕೆ’ ಅಂತ ಬರೆದು ಮುಗಿಸಿಬಿಡ್ತಾರೆ.

ಅಂಕಿಪ್ರಿಯ

ಮೇಡಂ, ನೀವು ಹೇಳಿದ್ದು ಆ ಬಾಸ್ಟನ್ ಅಧ್ಯಯನದಲ್ಲೇ ಇದೆ. ಮೊದಲೇ ನಿಗದಿಯಾದ ಓವರ್‌ಟೈಮ್ ಆದರೆ ಹೆಂಗಸರೂ ತೆಗೆದುಕೊಳ್ಳುತ್ತಿದ್ದರು. ಕೊನೇ ಗಳಿಗೆಯಲ್ಲಿ ಬಂದದ್ದನ್ನು ಬಿಡುತ್ತಿದ್ದರು. ಮಕ್ಕಳಿರುವ, ಜೊತೆಗೆ ಬೇರೆ ಆಸರೆ ಇಲ್ಲದ ತಾಯಂದಿರಲ್ಲಿ ಇದು ಇನ್ನೂ ಎದ್ದು ಕಂಡಿದೆ.

ನೇರಮಾತು

ಸರಿ, ಅದು ಮನೆ ವಿಚಾರ. ಕಂಪನಿ ಏನು ಮಾಡಬೇಕು? ಗಂಡ ಪಾತ್ರೆ ತೊಳೀತಾನೋ ಇಲ್ವೋ ಅಂತ ಎಚ್‌ಆರ್‌ನವರು ಹೋಗಿ ನೋಡಬೇಕಾ?

ಮೂರನೇಪಾಳಿ

ಪಾಳಿ ಪಟ್ಟಿನ ಒಂದು ವಾರ ಮುಂಚೆ ಹಾಕಿದ್ರೆ ಸಾಕು ಸ್ವಾಮಿ. ಪಾತ್ರೆ ನಾವು ನೋಡ್ಕೋತೀವಿ.

ಕಪ್ಪುಹಲಗೆ

ಅರ್ಥಶಾಸ್ತ್ರ ಪಾಠ ಮಾಡುವವನು, ಉದ್ದವಾಗುತ್ತದೆ, ಕ್ಷಮೆ ಇರಲಿ.

ಸಂಬಳಪಟ್ಟಿ ಅವರ ಪ್ರಶ್ನೆಗೆ ಮೊದಲು ಬರುತ್ತೇನೆ. ನೀವು ನಾಲ್ಕು ವಿಷಯ ಸರಿದೂಗಿಸಿದ್ದೀರಿ: ಗ್ರೇಡ್, ವಿಭಾಗ, ಅನುಭವ, ಗಂಟೆ. ಇದರಲ್ಲಿ ಗ್ರೇಡ್ ಕೊಡುವವರು ಯಾರು? ನಿಮ್ಮ ಕಂಪನಿಯೇ. ಬಡ್ತಿ ಕೊಡುವಾಗಲೇ ಹೆಂಗಸರು ಹಿಂದೆ ಬಿದ್ದಿದ್ದರೆ ಆ ಅನ್ಯಾಯ ಗ್ರೇಡಿನ ಒಳಗೆ ಹೋಗಿ ಕೂತಿರುತ್ತದೆ. ‘ಗ್ರೇಡ್ ಸಮ ಇರುವವರನ್ನು ಹೋಲಿಸೋಣ’ ಎಂದ ಕೂಡಲೇ ಅದು ಲೆಕ್ಕದಿಂದ ಜಾರಿಹೋಗುತ್ತದೆ. ನಿಮ್ಮ ಎರಡನೇ ಲೆಕ್ಕ ಸುಳ್ಳೇನಲ್ಲ. ಒಂದೇ ಮೆಟ್ಟಿಲ ಮೇಲೆ ನಿಂತವರಿಗೆ ಒಂದೇ ಕೂಲಿ ಸಿಗುತ್ತಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರ. ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ, ಹೇಗೆ ಅಲ್ಲಿಗೆ ಬಂದರು ಎಂಬುದಕ್ಕೆ ಅದು ಬಾಯಿ ಬಿಡುವುದಿಲ್ಲ. ಹಣಕಾಸು ಮುಖ್ಯಸ್ಥರಿಗೆ ಇಷ್ಟನ್ನು ಹೇಳಿ.

ಬ್ಲಾವ್ ಮತ್ತು ಕಾನ್ ಎಂಬ ಅರ್ಥಶಾಸ್ತ್ರಜ್ಞರು 2010ರ ಅಮೆರಿಕದ ಅಂಕಿಗಳನ್ನು ಹೀಗೇ ಬಿಡಿಸಿದ್ದರು. ಪೂರ್ಣಾವಧಿ ದುಡಿಯುವ ಹೆಂಗಸರ ಗಂಟೆಯ ಗಳಿಕೆ ಗಂಡಸರದರ ಸುಮಾರು ಶೇ. 79. ಓದು, ಅನುಭವ, ಉದ್ಯೋಗ, ಉದ್ಯಮ ಎಲ್ಲ ಸರಿದೂಗಿಸಿದರೆ ಸುಮಾರು ಶೇ. 92. ಆ ಉಳಿದ ಎಂಟನ್ನು ಹಿಡಿದು ಒಬ್ಬರು ‘ಇದೇ ತಾರತಮ್ಯ’ ಅನ್ನುತ್ತಾರೆ, ಇನ್ನೊಬ್ಬರು ‘ಇನ್ನೂ ಅಳೆಯದ ಕಾರಣಗಳಿವೆ’ ಅನ್ನುತ್ತಾರೆ. ನನಗೆ ಆ ಎಂಟಕ್ಕಿಂತ ಅದಕ್ಕೂ ಮೊದಲು ಕರಗಿದ ಹದಿಮೂರರ ಮೇಲೆ ಕುತೂಹಲ ಜಾಸ್ತಿ. ಅದರಲ್ಲಿ ಸಿಂಹಪಾಲು ಯಾವ ಉದ್ಯೋಗ, ಯಾವ ಉದ್ಯಮ ಎಂಬುದರದ್ದು. ಓದಿನದ್ದಂತೂ ಅಲ್ಲ, ಓದಿನಲ್ಲಿ ಅಲ್ಲಿನ ಹೆಂಗಸರು ಗಂಡಸರನ್ನು ದಾಟಿ ಬಹಳ ಕಾಲವಾಗಿದೆ.

ಈಗ ಸಮಯದ ವಿಚಾರ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಕ್ಲೌಡಿಯಾ ಗೋಲ್ಡಿನ್ ಅವರಿಗೆ ಬಂತು. ಆ ಪ್ರಶಸ್ತಿಯನ್ನು ಯಾರೊಂದಿಗೂ ಹಂಚಿಕೊಳ್ಳದೆ ಪಡೆದ ಮೊದಲ ಮಹಿಳೆ. ಅವರು, ಬರ್ಟ್ರಾಂಡ್, ಕಾಟ್ಜ್ ಸೇರಿ ಶಿಕಾಗೊ ವಿಶ್ವವಿದ್ಯಾಲಯದ ಎಂಬಿಎ ಪದವೀಧರರನ್ನು ಅಧ್ಯಯನ ಮಾಡಿದರು. ಕೆಲಸಕ್ಕೆ ಸೇರಿದಾಗ ಇಬ್ಬರ ಗಳಿಕೆ ಹೆಚ್ಚುಕಡಿಮೆ ಸಮ. ಹತ್ತು ಹದಿನೈದು ವರ್ಷ ಕಳೆಯುವ ಹೊತ್ತಿಗೆ ದೊಡ್ಡ ಕಂದಕ. ಹೆಂಗಸರು ಮಧ್ಯೆ ಬಿಡುವು ತೆಗೆದುಕೊಂಡಿದ್ದರು, ವಾರದ ಗಂಟೆ ಕಡಿಮೆ ಮಾಡಿಕೊಂಡಿದ್ದರು, ಬಹುತೇಕ ಮಕ್ಕಳಾದ ಮೇಲೆ.

ಗೋಲ್ಡಿನ್ ಅವರ ವಾದದ ತಿರುಳು ಇಲ್ಲಿದೆ: ಕೆಲವು ಕೆಲಸಗಳಲ್ಲಿ ವಾರಕ್ಕೆ 70 ಗಂಟೆ ದುಡಿದವನಿಗೆ 35 ಗಂಟೆಯವನ ಎರಡರಷ್ಟಕ್ಕಿಂತ ಬಹಳ ಹೆಚ್ಚು ಸಿಗುತ್ತದೆ. ಕರೆದಾಗ ಬರುವವನಿಗೆ, ರಾತ್ರಿ ಹನ್ನೊಂದಕ್ಕೆ ಗ್ರಾಹಕನ ಫೋನ್ ಎತ್ತುವವನಿಗೆ ಬಹುಮಾನ. ಗಂಡ ಹೆಂಡತಿ ಇಬ್ಬರೂ ಅಂಥ ಕೆಲಸ ಹಿಡಿದರೆ ಮನೆ ನಡೆಯುವುದಿಲ್ಲ. ಒಬ್ಬರು ಬಿಟ್ಟುಕೊಡಬೇಕು. ಯಾರು ಬಿಡುತ್ತಾರೆ ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ ಔಷಧ ಅಂಗಡಿ. ಅಮೆರಿಕದಲ್ಲಿ ಹಿಂದೆ ಫಾರ್ಮಸಿಸ್ಟ್ ಅಂದರೆ ಸ್ವಂತ ಅಂಗಡಿ ಇಟ್ಟು, ಬೆಳಗಿನಿಂದ ರಾತ್ರಿವರೆಗೆ ಅಲ್ಲೇ ಕೂತಿರುವ ಗಂಡಸು. ದೊಡ್ಡ ಸರಪಳಿ ಅಂಗಡಿಗಳು ಬಂದವು, ಔಷಧಗಳು ಸಿದ್ಧ ರೂಪದಲ್ಲಿ ಬಂದವು, ರೋಗಿಯ ದಾಖಲೆ ಕಂಪ್ಯೂಟರಿಗೆ ಹೋಯಿತು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತರೆ ಗ್ರಾಹಕರಿಗೆ ನಷ್ಟವೇ ಇಲ್ಲ ಎಂಬ ಸ್ಥಿತಿ ಬಂತು. ಅರ್ಧ ದಿನ ದುಡಿದವರಿಗೆ ಗಂಟೆಯ ದರದಲ್ಲಿ ಪೆಟ್ಟು ಬೀಳುವುದು ಹೆಚ್ಚುಕಡಿಮೆ ನಿಂತೇಹೋಯಿತು. ಇಂದು ಅಲ್ಲಿ ಅರ್ಧಕ್ಕಿಂತ ಹೆಚ್ಚು ಫಾರ್ಮಸಿಸ್ಟರು ಹೆಂಗಸರು, ಸಂಬಳದ ಅಂತರವೂ ಸಣ್ಣದು. ಯಾವ ಚಳವಳಿಯೂ ನಡೆಯಲಿಲ್ಲ, ಕೆಲಸದ ಜೋಡಣೆ ಬದಲಾಯಿತು ಅಷ್ಟೇ.

ನೇರಮಾತು

ಮಕ್ಕಳಾದ ಮೇಲೆ ತಾಯಿ ಮನೇಲಿರೋದು ಪ್ರಕೃತಿ ನಿಯಮ ಗುರುಗಳೇ. ಹೆತ್ತವಳು ಅವಳು, ಹಾಲು ಕುಡಿಸೋಳು ಅವಳು. ಅದಕ್ಕೂ ಕಂಪನಿ ಕಾರಣಾನಾ?

ಕಪ್ಪುಹಲಗೆ

ಹಾಲು ಕುಡಿಸುವುದು ಎಷ್ಟು ವರ್ಷ? ಡೆನ್ಮಾರ್ಕಿನಲ್ಲಿ ಅರ್ಥಶಾಸ್ತ್ರಜ್ಞ ಕ್ಲೆವನ್ ಮತ್ತು ಸಂಗಡಿಗರು ದಶಕಗಳ ದಾಖಲೆ ಇಟ್ಟುಕೊಂಡು ನೋಡಿದರು. ಮೊದಲ ಮಗುವಿನ ತನಕ ಗಂಡು ಹೆಣ್ಣಿನ ಗಳಿಕೆಯ ಗೆರೆ ಜೊತೆಜೊತೆಯಾಗಿ ಹೋಗುತ್ತದೆ. ಮಗು ಹುಟ್ಟಿದ ವರ್ಷ ತಾಯಿಯ ಗೆರೆ ಧೊಪ್ಪನೆ ಬೀಳುತ್ತದೆ, ಅಪ್ಪನ ಗೆರೆ ಅಲ್ಲಾಡುವುದೇ ಇಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಆದರೂ ತಾಯಿಯ ಗಳಿಕೆ ಅಪ್ಪನಿಗೆ ಹೋಲಿಸಿದರೆ ಸುಮಾರು ಶೇ. 20 ಹಿಂದೆಯೇ ಉಳಿಯುತ್ತದೆ. ಇಪ್ಪತ್ತು ವರ್ಷ ಯಾರೂ ಹಾಲು ಕುಡಿಸುವುದಿಲ್ಲ.

ಅದೇ ತಂಡ ದತ್ತು ತೆಗೆದುಕೊಂಡವರನ್ನೂ ನೋಡಿತು. ಹೆರಿಗೆಯೂ ಇಲ್ಲ, ಹಾಲೂಡಿಸುವುದೂ ಇಲ್ಲ. ಕಾಲ ಕಳೆದಂತೆ ಅಲ್ಲೂ ತಾಯಂದಿರ ಹಿನ್ನಡೆ ಬಹುಪಾಲು ಅಷ್ಟೇ.

ದೇಶದಿಂದ ದೇಶಕ್ಕೆ ಈ ಹಿನ್ನಡೆ ಎಷ್ಟು ಬದಲಾಗುತ್ತದೆ ನೋಡಿ: ಡೆನ್ಮಾರ್ಕ್, ಸ್ವೀಡನ್ನಿನಲ್ಲಿ ಶೇ. 21ರಿಂದ 26, ಅಮೆರಿಕ, ಬ್ರಿಟನ್ನಿನಲ್ಲಿ 31ರಿಂದ 44, ಆಸ್ಟ್ರಿಯಾ, ಜರ್ಮನಿಯಲ್ಲಿ 51ರಿಂದ 61. ಜರ್ಮನಿಯ ಹೆಂಗಸರ ಮೈಯಲ್ಲಿ ಪ್ರಕೃತಿ ಬೇರೆ ಇದೆಯೇ?

ಎರಡುಮಕ್ಕಳಪ್ಪ

ಮಕ್ಕಳು ನನಗೂ ಎರಡು. ನನ್ನ ಇನ್‌ಕ್ರಿಮೆಂಟ್ ಒಂದು ಸಲವೂ ತಪ್ಪಲಿಲ್ಲ. ‘ಈಗ ಜವಾಬ್ದಾರಿ ಬಂತು, ಇನ್ನು ಗಂಭೀರವಾಗಿ ದುಡಿಯುತ್ತಾನೆ’ ಅಂತ ನಮ್ಮ ಮ್ಯಾನೇಜರ್ ಸಂತೋಷಪಟ್ಟರು. ನನ್ನ ಹೆಂಡತಿಯೂ ಅದೇ ಹುದ್ದೆಯಲ್ಲಿದ್ದಳು, ಬೇರೆ ಕಂಪನಿ. ಅವಳಿಗೆ ಅದೇ ಸುದ್ದಿಗೆ ಸಿಕ್ಕ ಉತ್ತರ ‘ಹಾಗಾದರೆ ಈ ಪ್ರಾಜೆಕ್ಟ್ ಬೇರೆಯವರಿಗೆ ಕೊಡೋಣ, ನಿಮಗೂ ಆರಾಮ’. ಬೈದದ್ದಲ್ಲ, ಅಕ್ಕರೆಯಿಂದಲೇ ಹೇಳಿದ್ದು. ಆ ಪ್ರಾಜೆಕ್ಟ್ ಮಾಡಿದವನು ಮುಂದಿನ ಅಪ್ರೈಸಲ್‌ನಲ್ಲಿ ಅವಳನ್ನು ದಾಟಿಹೋದ.

ಅಪ್ಪಂದಿರಿಗೂ ರಜೆ ಕಡ್ಡಾಯ ಮಾಡಿದರೆ ಮಾತ್ರ ಇದು ಸರಿಹೋಗುತ್ತದೆ ಎನ್ನುವುದು ನನ್ನ ಅಭಿಪ್ರಾಯ. ನಾರ್ವೆ 1993ರಲ್ಲೇ ನಾಲ್ಕು ವಾರ ಅಪ್ಪನಿಗೆ ಮೀಸಲಿಟ್ಟಿತು, ತೆಗೆದುಕೊಳ್ಳದಿದ್ದರೆ ಕೈತಪ್ಪುತ್ತದೆ ಎಂಬ ನಿಯಮದೊಂದಿಗೆ.

ಅಂಕಿಪ್ರಿಯ

ರಜೆಯ ಮೇಲೆ ಅಷ್ಟು ಭರವಸೆ ಬೇಡ. ಆಸ್ಟ್ರಿಯಾದಲ್ಲಿ ದಶಕಗಳ ಕಾಲ ಹೆರಿಗೆ ರಜೆಯನ್ನು ಹಿಗ್ಗಿಸಿದರು, ಕುಗ್ಗಿಸಿದರು, ಶಿಶುವಿಹಾರಗಳನ್ನು ಹೆಚ್ಚಿಸಿದರು. ತಾಯಂದಿರ ದೀರ್ಘಕಾಲದ ಹಿನ್ನಡೆಯಲ್ಲಿ ಇದರಿಂದ ಹೆಚ್ಚುಕಡಿಮೆ ಏನೂ ಬದಲಾಗಲಿಲ್ಲ ಎಂದು ಅದೇ ಕ್ಲೆವನ್ ತಂಡದ ಅಧ್ಯಯನ ಹೇಳುತ್ತದೆ. ಕಾನೂನು ಬದಲಾದಷ್ಟು ಬೇಗ ‘ಚಿಕ್ಕ ಮಗುವಿನ ತಾಯಿ ಮನೆಯಲ್ಲಿರಬೇಕು’ ಎಂಬ ನಂಬಿಕೆ ಬದಲಾಗುವುದಿಲ್ಲ.

ಹಳೇಬೆಂಚು

ಈ ‘ನಂಬಿಕೆ’ ಗಾಳಿಯಲ್ಲಿ ಹುಟ್ಟಿದ್ದೇ? ಅದನ್ನು ಕಾನೂನೇ ಕಾಪಾಡಿಕೊಂಡು ಬಂದಿತ್ತು. ನಿವೃತ್ತನಾದವನು, ಹಳೆಯದನ್ನು ಕೆದಕುವುದೇ ಕೆಲಸ ನನಗೆ. ಐರ್ಲೆಂಡಿನಲ್ಲಿ 1973ರವರೆಗೂ ಸರ್ಕಾರಿ ಕೆಲಸದಲ್ಲಿದ್ದ ಹೆಣ್ಣು ಮದುವೆಯಾದರೆ ಕೆಲಸ ಬಿಡಬೇಕಿತ್ತು. ಬ್ರಿಟನ್ನಿನ ನಾಗರಿಕ ಸೇವೆಯಲ್ಲಿ ಆ ನಿಯಮ 1946ರಲ್ಲಿ ಹೋಯಿತು, ರಾಯಭಾರ ಸೇವೆಯಲ್ಲಿ ಮಾತ್ರ 1973ರ ತನಕ ಉಳಿದಿತ್ತು. ಫ್ರಾನ್ಸಿನಲ್ಲಿ ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಬ್ಯಾಂಕ್ ಖಾತೆ ತೆರೆಯುವ, ಕೆಲಸಕ್ಕೆ ಸೇರುವ ಹಕ್ಕು ಬಂದದ್ದು 1965ರಲ್ಲಿ. ಪಶ್ಚಿಮ ಜರ್ಮನಿಯಲ್ಲಿ ಮನೆಗೆಲಸಕ್ಕೆ ಧಕ್ಕೆಯಾಗದಂತಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು ಎಂಬ ಕಾನೂನು 1977ರವರೆಗೂ ಇತ್ತು. ಮೇಷ್ಟ್ರು ಕೊಟ್ಟ ಪಟ್ಟಿಯಲ್ಲಿ ಅತಿ ಹೆಚ್ಚು ಹಿನ್ನಡೆ ಯಾವ ದೇಶದ್ದು, ಇನ್ನೊಮ್ಮೆ ನೋಡಿ.

ಇದನ್ನೆಲ್ಲ ಎಲ್ಲೋ ಪುರಾತನ ಕಾಲದ ಕಥೆ ಅಂದುಕೊಳ್ಳಬೇಡಿ. ಆಗ ಕೆಲಸಕ್ಕೆ ಸೇರಿದವರು ಈಗಲೂ ಪಿಂಚಣಿ ತೆಗೆದುಕೊಳ್ಳುತ್ತಿದ್ದಾರೆ, ಆ ಪಿಂಚಣಿಯಲ್ಲೂ ಅಂತರ ಇದೆ.

ಐಸ್‌ಲ್ಯಾಂಡಿನ ಹೆಂಗಸರು ಏನು ಮಾಡಿದರು ಗೊತ್ತೇ? 1975ರ ಅಕ್ಟೋಬರ್ 24ರಂದು ದೇಶದ ಸುಮಾರು ಶೇ. 90 ಹೆಂಗಸರು ಕಚೇರಿ ಕೆಲಸವನ್ನೂ ಮನೆಗೆಲಸವನ್ನೂ ಬಿಟ್ಟು ಬೀದಿಗೆ ಬಂದರು. ಅಪ್ಪಂದಿರು ಮಕ್ಕಳನ್ನು ಕರೆದುಕೊಂಡೇ ಕೆಲಸಕ್ಕೆ ಹೋಗಬೇಕಾಯಿತು. ಐದು ವರ್ಷದ ನಂತರ ಆ ದೇಶ ಒಬ್ಬ ಹೆಣ್ಣುಮಗಳನ್ನು ಅಧ್ಯಕ್ಷೆಯಾಗಿ ಆರಿಸಿತು. 2023ರಲ್ಲಿ ಅದೇ ತಾರೀಖಿಗೆ ಮತ್ತೆ ಮುಷ್ಕರ ಹೂಡಿದರು, ಪ್ರಧಾನಿಯೂ ಅವತ್ತು ಕೆಲಸಕ್ಕೆ ಹೋಗಲಿಲ್ಲ.

ಮಧ್ಯರಾತ್ರಿ_ಕೋಡ್

ಸಾಫ್ಟ್‌ವೇರ್‌ನವಳು. ‘ಹೆಂಗಸರು ಕಡಿಮೆ ಸಂಬಳದ ಕ್ಷೇತ್ರ ಆರಿಸ್ಕೋತಾರೆ’ ಅನ್ನೋ ಮಾತು ಇನ್ನೂ ಬಂದಿಲ್ಲ, ಬರೋ ಮೊದಲೇ ಹೇಳಿಬಿಡ್ತೀನಿ. ಎನಿಯಾಕ್ ಅನ್ನೋ ಮೊದಲ ತಲೆಮಾರಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದವರು ಆರು ಹೆಂಗಸರು. ಯಂತ್ರ ಕಟ್ಟೋದು ಗಂಡಸರ ಕೆಲಸ, ಪ್ರೋಗ್ರಾಂ ಬರೆಯೋದು ಗುಮಾಸ್ತಿಕೆ ಥರ ಅಂತ ಆಗಿನ ಲೆಕ್ಕ. ಆಮೇಲೆ ಅದೇ ಕೆಲಸಕ್ಕೆ ದುಡ್ಡು ಬಂತು, ಮರ್ಯಾದೆ ಬಂತು, ಗಂಡಸರೂ ಬಂದರು. ಯಾವುದು ಮೊದಲು ಬಂತು ಅಂತ ಜಗಳ ಮಾಡಬಹುದು.

ಉಲ್ಟಾ ದಿಕ್ಕಿನದೂ ಇದೆ. ಲೆವನಾನ್, ಇಂಗ್ಲಂಡ್, ಆಲಿಸನ್ ಅನ್ನೋ ಸಮಾಜಶಾಸ್ತ್ರಜ್ಞರು ಅಮೆರಿಕದ 1950ರಿಂದ 2000ದವರೆಗಿನ ಜನಗಣತಿ ನೋಡಿ ಹೇಳಿದ್ದು: ಒಂದು ಉದ್ಯೋಗಕ್ಕೆ ಹೆಂಗಸರು ಹೆಚ್ಚಾಗಿ ಬಂದ ಮೇಲೆ ಆ ಉದ್ಯೋಗದ ಸಂಬಳವೇ ಇಳಿಯುತ್ತೆ. ಕೆಲಸ ಅದೇ, ಬೇಕಾಗೋ ಓದು ಅಷ್ಟೇ.

ಕರಡುಪ್ರತಿ

ವಕೀಲಿ ವೃತ್ತಿಯವಳು. ಮೇಲಿನ ಮಾತು ಕಾನೂನಿನ ಬಾಗಿಲಿಗೇ ಬಂದು ನಿಲ್ಲುತ್ತದೆ. ನೇರಮಾತು ಅವರು ‘ಒಂದೇ ಕೆಲಸಕ್ಕೆ ಒಂದೇ ಸಂಬಳ, ಮುಗೀತು’ ಅಂದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1951ರ 100ನೇ ಒಪ್ಪಂದ ಅಲ್ಲಿಗೇ ನಿಲ್ಲುವುದಿಲ್ಲ. ‘ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ಸಂಭಾವನೆ’ ಎನ್ನುತ್ತದೆ. ಹೆಂಗಸರೂ ಗಂಡಸರೂ ಬೇರೆ ಬೇರೆ ಕೆಲಸದಲ್ಲಿದ್ದಾರೆ, ಆದರೆ ಬೇಕಾಗುವ ಕೌಶಲ, ಶ್ರಮ, ಹೊಣೆ, ಪರಿಸ್ಥಿತಿ ಸಾಟಿಯಾಗಿದೆ ಅಂದರೆ ಸಂಬಳವೂ ಸಾಟಿಯಾಗಬೇಕು. ಇದು ಬಹಳ ಭಾರದ ಮಾತು.

1968ರಲ್ಲಿ ಇಂಗ್ಲೆಂಡಿನ ಡಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುತ್ತಿದ್ದ 187 ಹೆಂಗಸರು ಮುಷ್ಕರ ಮಾಡಿದ್ದು ಇದಕ್ಕೇ. ಅವರ ಕೆಲಸವನ್ನು ಕೌಶಲ ಬೇಡದ ಗ್ರೇಡಿಗೆ ಹಾಕಿದ್ದರು. ಕೆಲಸಕ್ಕೆ ಸೇರಬೇಕಾದರೆ ಹೊಲಿಗೆಯ ಪರೀಕ್ಷೆ ಪಾಸಾಗಬೇಕು, ಸೇರಿದ ಮೇಲೆ ಅದು ಕೌಶಲವಲ್ಲ! ಸೀಟು ಇಲ್ಲದೆ ಕಾರು ಹೊರಗೆ ಹೋಗುವುದಿಲ್ಲ, ಕಾರ್ಖಾನೆಯೇ ನಿಂತಿತು. ಮಂತ್ರಿ ಬಾರ್ಬರಾ ಕಾಸಲ್ ನಡುವೆ ಬಂದು, ಹೆಂಗಸರು ಗಂಡಸರ ದರದ ಶೇ. 92ಕ್ಕೆ ಒಪ್ಪಿ ಕೆಲಸಕ್ಕೆ ಮರಳಿದರು. 1970ರ ಸಮಾನ ವೇತನ ಕಾಯ್ದೆಗೆ ಇದೇ ದಾರಿಯಾಯಿತು ಎಂದು ಎಲ್ಲರೂ ಹೊಗಳುತ್ತಾರೆ. ಆದರೆ ಅವರು ಕೇಳಿದ್ದ ಗ್ರೇಡ್? ಅದು ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ನಂತರ.

ಇತ್ತೀಚಿನದು ಬರ್ಮಿಂಗ್‌ಹ್ಯಾಮ್ ನಗರಸಭೆ. ಕಸ ಸಾಗಿಸುವಂಥ ಗಂಡಸರ ಕೆಲಸಗಳಿಗೆ ಬೋನಸ್ ಇತ್ತು. ಅದೇ ದರ್ಜೆಯ ಅಡುಗೆಯವರು, ಸ್ವಚ್ಛತೆಯವರು, ಆರೈಕೆಯವರು ಬಹುತೇಕ ಹೆಂಗಸರು, ಅವರಿಗೆ ಇರಲಿಲ್ಲ. ವರ್ಷಗಟ್ಟಲೆ ಮೊಕದ್ದಮೆ ನಡೆದು ನಗರಸಭೆ ನೂರು ಕೋಟಿ ಪೌಂಡಿಗೂ ಹೆಚ್ಚು ಕೊಟ್ಟಿತು, 2023ರಲ್ಲಿ ಕೈಯಲ್ಲಿ ಹಣವಿಲ್ಲ ಎಂದು ಘೋಷಿಸಿಕೊಂಡ ಕಾರಣಗಳಲ್ಲಿ ಇದೂ ಒಂದು. ‘ಸರಾಸರಿ ಅಂತರ ಗಲಾಟೆಗೆ ದಾರಿ’ ಎನ್ನುವ ಹಣಕಾಸು ಮುಖ್ಯಸ್ಥರಿಗೆ ಇದನ್ನು ತೋರಿಸಿ ಮೇಡಂ. ಮುಚ್ಚಿಟ್ಟರೆ ಬಡ್ಡಿ ಬೆಳೆಯುತ್ತದೆ.

ನೇರಮಾತು

ಸಮಾನ ಮೌಲ್ಯ ಅಂತ ತೂಗೋರು ಯಾರು? ಕಸದ ಲಾರಿ ಕೆಲಸಾನೂ ಅಡುಗೆಮನೆ ಕೆಲಸಾನೂ ಯಾವ ತಕ್ಕಡೀಲಿ ಹಾಕ್ತೀರಿ? ಮಾರುಕಟ್ಟೇಲಿ ಯಾರು ಸಿಗಲ್ವೋ ಅವರಿಗೆ ಜಾಸ್ತಿ ಕೊಡ್ತಾರೆ.

ಕರಡುಪ್ರತಿ

ಒಳ್ಳೆಯ ಪ್ರಶ್ನೆ, ಇದಕ್ಕೆ ಎಲ್ಲರೂ ಒಪ್ಪುವ ತಕ್ಕಡಿ ಇಲ್ಲ ಎಂಬುದೂ ನಿಜ. ಆದರೆ ಗ್ರೇಡ್ ಇಟ್ಟುಕೊಂಡ ಪ್ರತಿ ಸಂಸ್ಥೆಯೂ ಈಗಾಗಲೇ ತೂಗಿದೆಯಲ್ಲ? ಅಂಕ ಹಾಕುವಾಗ ‘ಭಾರ ಎತ್ತುವುದು’ ಕಾಲಂಗೆ ಅಂಕ ಇರುತ್ತದೆ, ‘ರೋಗಿಯನ್ನು ಎತ್ತಿ ಕೂರಿಸುವುದು’ ಅದರಲ್ಲಿ ಸೇರಿರುವುದಿಲ್ಲ.

ಮೂರನೇಪಾಳಿ

ಇದನ್ನ ಕಟ್ಟು ಹಾಕಿಸಿ ನಮ್ಮ ವಾರ್ಡಿನಲ್ಲಿ ನೇತುಹಾಕಬೇಕು.

ಎರಡುಮಕ್ಕಳಪ್ಪ

ಹೆಂಗಸರು ಸಂಬಳ ಕೇಳಿ ಪಡೆಯುವುದರಲ್ಲಿ ಹಿಂದೆ, ಅದಕ್ಕೇ ಕಡಿಮೆ ಅನ್ನುತ್ತಾರಲ್ಲ, ಅದು ಎಷ್ಟರಮಟ್ಟಿಗೆ ನಿಜ?

ಅಂಕಿಪ್ರಿಯ

ಸ್ವಲ್ಪ ನಿಜ, ಜಾಸ್ತಿ ಉತ್ಪ್ರೇಕ್ಷೆ. ಆಸ್ಟ್ರೇಲಿಯಾದ ಉದ್ಯೋಗಿಗಳ ಮೇಲೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹೆಂಗಸರು ಗಂಡಸರಷ್ಟೇ ಸಲ ಕೇಳಿದ್ದರು, ಸಿಕ್ಕಿದ್ದು ಕಡಿಮೆ ಸಲ. ಕೇಳಿದ ಹೆಣ್ಣನ್ನು ‘ಹೊಂದಿಕೊಂಡು ಹೋಗುವವಳಲ್ಲ’ ಎಂದು ನೋಡುವ ಪ್ರವೃತ್ತಿಯನ್ನು ಬೇರೆ ಪ್ರಯೋಗಗಳು ತೋರಿಸಿವೆ. ಜಾಹೀರಾತಿನಲ್ಲೇ ‘ಸಂಬಳದ ಬಗ್ಗೆ ಮಾತಾಡಬಹುದು’ ಎಂದು ಬರೆದ ಕಡೆ ಚೌಕಾಸಿ ಮಾಡುವುದರಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಮಾಯವಾದದ್ದೂ ಇದೆ. ಕೇಳುವ ತರಬೇತಿ ಕೊಡುವ ಬದಲು ಆ ಒಂದು ಸಾಲು ಹಾಕುವುದು ಅಗ್ಗ.

ಕರಡುಪ್ರತಿ

‘ಹಿಂದಿನ ಕಂಪನಿಯಲ್ಲಿ ಎಷ್ಟು ಬರುತ್ತಿತ್ತು’ ಎಂಬ ಪ್ರಶ್ನೆಯನ್ನೂ ತೆಗೆಯಬೇಕು. ಒಂದು ಕಡೆ ಆದ ಅನ್ಯಾಯವನ್ನು ಮುಂದಿನ ಕಡೆಗೆ ಹೊತ್ತೊಯ್ಯುವ ಗಾಡಿ ಅದು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ 2016ರಲ್ಲಿ ಅದನ್ನು ನಿಷೇಧಿಸುವ ಕಾನೂನು ಮಾಡಿತು. ಯುರೋಪಿಯನ್ ಒಕ್ಕೂಟದ 2023ರ ವೇತನ ಪಾರದರ್ಶಕತೆ ನಿರ್ದೇಶನದಲ್ಲೂ ಆ ನಿಷೇಧವಿದೆ. ಸದಸ್ಯ ದೇಶಗಳು 2026ರ ಜೂನ್ 7ರೊಳಗೆ ಅದನ್ನು ತಮ್ಮ ಕಾನೂನಿಗೆ ತರಬೇಕೆಂದು ಗಡುವು ಕೊಟ್ಟಿದ್ದರು.

ಲಿಲಿ ಲೆಡ್‌ಬೆಟರ್ ಪ್ರಕರಣ ನೆನಪಿಸಿಕೊಳ್ಳಿ. ಅಮೆರಿಕದ ಟೈರ್ ಕಾರ್ಖಾನೆಯೊಂದರಲ್ಲಿ 19 ವರ್ಷ ದುಡಿದ ಮೇಲ್ವಿಚಾರಕಿ. ಜೊತೆಯ ಗಂಡಸರಿಗೆ ಎಷ್ಟು ಬರುತ್ತದೆ ಎಂದು ತಿಳಿದದ್ದು ಯಾರೋ ಹೆಸರು ಹಾಕದೆ ಇಟ್ಟ ಒಂದು ಚೀಟಿಯಿಂದ. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರಲ್ಲಿ ‘ಸಂಬಳ ನಿಗದಿಯಾದ 180 ದಿನದೊಳಗೆ ದೂರು ಕೊಡಬೇಕಿತ್ತು’ ಎಂದಿತು. ಗೊತ್ತೇ ಇಲ್ಲದ್ದರ ಬಗ್ಗೆ ದೂರು ಕೊಡುವುದು ಹೇಗೆ? 2009ರಲ್ಲಿ ಕಾನೂನನ್ನೇ ತಿದ್ದಿದರು, ಆಕೆಗೆ ಮಾತ್ರ ಬಾಕಿ ಹಣ ಬರಲಿಲ್ಲ.

ವಿಶ್ವಬ್ಯಾಂಕ್ 2024ರಲ್ಲಿ ಎಣಿಸಿದಂತೆ ಸಮಾನ ಮೌಲ್ಯಕ್ಕೆ ಸಮಾನ ವೇತನದ ಕಾನೂನು 98 ಅರ್ಥವ್ಯವಸ್ಥೆಗಳಲ್ಲಿದೆ, ಸಂಬಳ ಬಹಿರಂಗಪಡಿಸುವ ಕ್ರಮಗಳು 35ರಲ್ಲಿ ಮಾತ್ರ. ಬೀಗ ಹಾಕಿ ಕೀಲಿ ಮರೆತಂತಾಗಿದೆ.

ಅಂಕಿಪ್ರಿಯ

ಬಹಿರಂಗಪಡಿಸಿದರೆ ಅಂತರ ಕಡಿಮೆಯಾಗುತ್ತದೆ, ನಿಜ. ಹೇಗೆ ಕಡಿಮೆಯಾಗುತ್ತದೆ ಎಂಬುದನ್ನೂ ಹೇಳಬೇಕು. ಡೆನ್ಮಾರ್ಕ್ 2006ರಲ್ಲಿ ಅಂಥ ಕಾನೂನು ತಂದಾಗ ಅಂತರ ಕುಗ್ಗಿದ್ದು ಮುಖ್ಯವಾಗಿ ಗಂಡಸರ ಸಂಬಳದ ಏರಿಕೆ ನಿಧಾನವಾದದ್ದರಿಂದ. ಮಾಲೀಕರು ಒಟ್ಟು ಹಣ ಹೆಚ್ಚಿಸಲಿಲ್ಲ.

ಇನ್ನೊಂದು ಎಚ್ಚರ. ಅಂತರ ಸಣ್ಣದಿದ್ದರೆ ಹೆಂಗಸರು ಸುಖವಾಗಿದ್ದಾರೆ ಎಂದಲ್ಲ. ಯುರೋಪಿನ ಲೆಕ್ಕದಲ್ಲಿ ಇಟಲಿಯ ಅಂತರ ಜರ್ಮನಿಯದಕ್ಕಿಂತ ಬಹಳ ಕಡಿಮೆ. ಆದರೆ ಇಟಲಿಯಲ್ಲಿ ಕೆಲಸಕ್ಕೆ ಹೋಗುವ ಹೆಂಗಸರೇ ಕಡಿಮೆ. ಹೋಗುವವರು ಹೆಚ್ಚಾಗಿ ಓದಿದವರು, ಒಳ್ಳೆಯ ಸಂಬಳ ಸಿಗುವವರು. ಕಡಿಮೆ ಸಂಬಳ ಸಿಗಬಹುದಾಗಿದ್ದವರು ಲೆಕ್ಕಕ್ಕೇ ಬರುವುದಿಲ್ಲ.

ಕಪ್ಪುಹಲಗೆ

ಇದನ್ನು ಹೇಳಿದ್ದು ಒಳ್ಳೆಯದಾಯಿತು. ಪ್ರಪಂಚದಾದ್ಯಂತ ಹೆಂಗಸರ ಗಳಿಕೆ ಸುಮಾರು ಶೇ. 20 ಕಡಿಮೆ ಎಂಬ ಕಾರ್ಮಿಕ ಸಂಸ್ಥೆಯ ಮಾತು ಎಲ್ಲರ ಬಾಯಲ್ಲಿದೆ. ಅದು ಸಂಬಳ ಪಡೆಯುವವರ ಲೆಕ್ಕ. ಅದೇ ಸಂಸ್ಥೆ 2018ರಲ್ಲಿ ಸಂಬಳವಿಲ್ಲದ ಆರೈಕೆ ಕೆಲಸವನ್ನು ಅಂದಾಜು ಮಾಡಿತ್ತು: ದಿನಕ್ಕೆ 1,640 ಕೋಟಿ ಗಂಟೆ, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಹೆಂಗಸರದ್ದು. ಆರೈಕೆಯ ಹೊಣೆಯಿಂದಾಗಿ ಉದ್ಯೋಗಕ್ಕೆ ಬರಲಾಗದ ಹೆಂಗಸರು 60.6 ಕೋಟಿ, ಗಂಡಸರು 4.1 ಕೋಟಿ.

ನೇರಮಾತು

60 ಕೋಟಿ ಎಲ್ಲಿ, 4 ಕೋಟಿ ಎಲ್ಲಿ. ಈ ಅಂಕಿಗೆ ನನ್ನ ಹತ್ರ ಉತ್ತರ ಇಲ್ಲ. ಆದ್ರೂ ಗಂಡಸರ ಏರಿಕೆ ತಡೆದು ಸಮಾನತೆ ತರೋದಕ್ಕೆ ನನ್ನ ವಿರೋಧ ಇದ್ದೇ ಇದೆ.

ಸಂಬಳಪಟ್ಟಿ

ಎಲ್ಲರಿಗೂ ಧನ್ಯವಾದ. ಮೇಷ್ಟ್ರು ಹೇಳಿದ ಹಾಗೆ ಗ್ರೇಡನ್ನು ಸರಿದೂಗಿಸುವ ಬದಲು, ಒಂದು ಗ್ರೇಡಿನಿಂದ ಮುಂದಿನದಕ್ಕೆ ಹೋಗಲು ಯಾರಿಗೆ ಎಷ್ಟು ಕಾಲ ಹಿಡಿಯಿತು ಎಂದು ತೆಗೆದು ನೋಡಿದೆ. ಕೆಳಗಿನ ಗ್ರೇಡುಗಳಲ್ಲಿ ವ್ಯತ್ಯಾಸವಿಲ್ಲ. ಮ್ಯಾನೇಜರಿಗಿಂತ ಒಂದು ಕೆಳಗಿನ ಗ್ರೇಡಿನಲ್ಲಿ ಮಾತ್ರ ಹೆಂಗಸರು ಹೆಚ್ಚು ಕಾಲ ನಿಂತುಬಿಟ್ಟಿದ್ದಾರೆ, ಅಲ್ಲಿಂದಲೇ ಕೆಲಸ ಬಿಟ್ಟು ಹೋದವರೂ ಜಾಸ್ತಿ. ಹೆರಿಗೆ ರಜೆಯ ವರ್ಷ ಅಪ್ರೈಸಲ್ ಅಂಕ ‘ಸಾಧಾರಣ’ ಎಂದು ತಾನಾಗಿಯೇ ದಾಖಲಾಗುತ್ತದೆ. ಬಡ್ತಿಗೆ ಸತತ ಮೂರು ವರ್ಷದ ‘ಉತ್ತಮ’ ಬೇಕು. ಬೇಕೆಂದೇ ಮಾಡಿದ್ದಲ್ಲ, ಸಾಫ್ಟ್‌ವೇರ್‌ನಲ್ಲಿ ಖಾಲಿ ಬಿಟ್ಟರೆ ಅದು ಹಾಗೆ ತುಂಬಿಕೊಳ್ಳುತ್ತದೆ. ಹಣಕಾಸು ಮುಖ್ಯಸ್ಥರಿಗೆ ತೋರಿಸಿದೆ. ಸ್ವಲ್ಪ ಹೊತ್ತು ಏನೂ ಹೇಳದೆ ‘ಇದನ್ನು ಸರಿಪಡಿಸಲು ಎಷ್ಟು ಖರ್ಚು’ ಎಂದು ಕೇಳಿದರು. ಎರಡೂ ಲೆಕ್ಕ ಹಾಕಲು ಒಪ್ಪಿದ್ದಾರೆ. ವರದಿಯಲ್ಲಿ ಯಾವ ಯಾವ ಕೋಷ್ಟಕ ಇರಬೇಕು?

ಕರಡುಪ್ರತಿ

ಬ್ರಿಟನ್ 2017ರಿಂದ 250 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಹಾಕಿರುವ ನಮೂನೆ ಸರಳವಾಗಿದೆ, ಅದನ್ನೇ ಅನುಸರಿಸಿ. ಗಂಟೆಯ ಸಂಬಳದ ಅಂತರ, ಸರಾಸರಿಯಲ್ಲೂ ಮಧ್ಯಾಂಕದಲ್ಲೂ (ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಸಂಬಳ). ಬೋನಸ್ಸಿನದ್ದೂ ಹಾಗೆಯೇ, ಜೊತೆಗೆ ಬೋನಸ್ ಎಷ್ಟು ಪಾಲು ಜನರಿಗೆ ಸಿಕ್ಕಿತು ಎಂಬುದು. ಆಮೇಲೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿ ನಾಲ್ಕು ಸಮಪಾಲು ಮಾಡಿ, ಪ್ರತಿ ಪಾಲಿನಲ್ಲಿ ಹೆಂಗಸರೆಷ್ಟು ಗಂಡಸರೆಷ್ಟು. ಅದರ ಪಕ್ಕದಲ್ಲಿ ನಿಮ್ಮ ಗ್ರೇಡ್ ಕೋಷ್ಟಕ, ಅದರ ಕೆಳಗೆ ಬಡ್ತಿಯ ಕಾಲಾವಧಿ.

ಅಂಕಿಪ್ರಿಯ

ಒಂದು ಸೂಚನೆ. ಒಂದು ಗ್ರೇಡಿನಲ್ಲಿ ಹೆಂಗಸರು ಒಬ್ಬರೋ ಇಬ್ಬರೋ ಇದ್ದರೆ ಆ ಸಾಲನ್ನು ಪಕ್ಕದ ಗ್ರೇಡಿನ ಜೊತೆ ಸೇರಿಸಿ. ಇಲ್ಲದಿದ್ದರೆ ಯಾರ ಸಂಬಳ ಎಷ್ಟು ಎಂದು ಹೆಸರಿಲ್ಲದೆಯೇ ಗೊತ್ತಾಗಿಬಿಡುತ್ತದೆ. ದೊಡ್ಡ ಸಂಬಳದ ಒಬ್ಬಿಬ್ಬರಿಂದ ಸರಾಸರಿ ಎತ್ತರಕ್ಕೆ ಹೋಗುವುದರಿಂದ ಚರ್ಚೆಗೆ ಮಧ್ಯಾಂಕವನ್ನು ಮುಂದಿಡಿ. ಆದರೆ ಸರಾಸರಿಯನ್ನು ಕೈಬಿಡಬೇಡಿ, ಆ ದೊಡ್ಡ ಸಂಬಳದವರೆಲ್ಲ ಗಂಡಸರೇ ಆಗಿದ್ದರೆ ಅದು ಕಾಣುವುದು ಅಲ್ಲೇ.

ಸಂಬಳಪಟ್ಟಿ

ಆಗಲಿ. ರಜೆಯ ವರ್ಷದ ಅಂಕವನ್ನು ಖಾಲಿ ಬಿಟ್ಟು, ಅದರ ಹಿಂದಿನ ಮೂರು ವರ್ಷ ನೋಡುವಂತೆ ನಿಯಮ ಬದಲಿಸಲು ಬೇರೆಯೇ ಒಂದು ಟಿಪ್ಪಣಿ ಬರೆದಿಟ್ಟಿದ್ದೇನೆ. ಎರಡನ್ನೂ ಮುಂದಿನ ಸಭೆಗೆ ಒಟ್ಟಿಗೆ ಇಡುತ್ತಿದ್ದೇನೆ.